ಏನೂ ತೊಂದರೆ ಇಲ್ಲದಾಗಲೇ ಮಾಡಿಸಬೇಕಾದ ಪರೀಕ್ಷೆ

ಗರ್ಭಕೊರಳಿನ ಕ್ಯಾನ್ಸರ್ ರಾತ್ರೋರಾತ್ರಿ ಬರುವ ಕಾಯಿಲೆಯಲ್ಲ. ಇದಕ್ಕೆ ಕಾರಣವಾದ ವೈರಸ್ಸಿನ ಸೋಂಕು ತಗುಲಿದ ಮೇಲೆ ಕ್ಯಾನ್ಸರ್ ಎನ್ನುವ ಹಂತ ಮುಟ್ಟಲು, ರೋಗನಿರೋಧಕ ಶಕ್ತಿ ಚೆನ್ನಾಗಿರುವ ಹೆಂಗಸಿನ ದೇಹದಲ್ಲಿ ಅದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಕಾಯಿಲೆ ಹುಟ್ಟುವ ಜಾಗ ಗೊತ್ತಿದೆ, ಕಾರಣ ಗೊತ್ತಿದೆ, ಪತ್ತೆ ಹಚ್ಚುವ ದಾರಿ ಗೊತ್ತಿದೆ. ಬೇಗ ಸಿಕ್ಕಿದರೆ ಕೆಲವೇ ನಿಮಿಷಗಳಲ್ಲಿ ತೆಗೆದುಹಾಕುವ ಚಿಕಿತ್ಸೆಯೂ ಇದೆ. ಇಷ್ಟೆಲ್ಲ ಇದ್ದೂ 2022ರಲ್ಲಿ ಜಗತ್ತಿನಲ್ಲಿ ಸುಮಾರು 6.6 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, ಸುಮಾರು 3.5 ಲಕ್ಷ ಮಂದಿ ಸತ್ತರು. ಸತ್ತವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಈ ಸಾವುಗಳ ಹಿಂದೆ ಬಡತನವಿದೆ, ಆಸ್ಪತ್ರೆಯ ದೂರವಿದೆ, ಸರ್ಕಾರಗಳ ಉದಾಸೀನವಿದೆ. ಇನ್ನೊಂದು ಕಾರಣ ಓದುಬರಹ ಬಲ್ಲ ಅನುಕೂಲಸ್ಥರ ಮನೆಗಳಲ್ಲೂ ಇದೆ. ನೋವು ಬಂದರೆ ವೈದ್ಯರ ಬಳಿ ಹೋಗುವುದು ನಮಗೆ ರೂಢಿ, ನೋವಿಲ್ಲದೆ ಹೋಗುವುದು ರೂಢಿಯಿಲ್ಲ. ಅದರಲ್ಲೂ ಗುಪ್ತಾಂಗದ ವಿಷಯವೆಂದರೆ ‘ನನಗೇನಾಗಿದೆ, ಚೆನ್ನಾಗಿಯೇ ಇದ್ದೇನಲ್ಲ’ ಎಂಬ ಒಂದೇ ಮಾತಿಗೆ ಎಲ್ಲವೂ ಮುಗಿದುಹೋಗುತ್ತದೆ. ಆದರೆ ಈ ಕಾಯಿಲೆಯ ಮಟ್ಟಿಗೆ ಜೀವ ಉಳಿಸುವುದು ಚೆನ್ನಾಗಿರುವಾಗ ಮಾಡಿಸಿಕೊಂಡ ತಪಾಸಣೆಯೇ. ಯಾಕೆ ಹಾಗೆ ಎಂಬುದನ್ನು ಬುಡದಿಂದಲೇ ನೋಡೋಣ.

ಗರ್ಭಕೋಶದ ಕೆಳತುದಿ ಕಿರಿದಾಗಿ ಯೋನಿಯೊಳಕ್ಕೆ ಇಳಿಯುವ ಭಾಗವೇ ಗರ್ಭಕೊರಳು. ಗರ್ಭಕಂಠ ಎಂದೂ ಕರೆಯುತ್ತಾರೆ. ಉದ್ದ ಮೂರು ಸೆಂಟಿಮೀಟರಿನ ಆಸುಪಾಸು. ಮುಟ್ಟಿನ ರಕ್ತ ಹೊರಗೆ ಬರುವುದು ಅದರ ನಡುವಿನ ಸಣ್ಣ ರಂಧ್ರದಿಂದ. ಹೆರಿಗೆಯ ಹೊತ್ತಿಗೆ ಹತ್ತು ಸೆಂಟಿಮೀಟರಿನಷ್ಟು ತೆರೆದುಕೊಂಡು ಮಗುವಿಗೆ ದಾರಿ ಕೊಡುವುದೂ ಅದೇ ರಂಧ್ರ. ಗರ್ಭಕೊರಳಿನ ಹೊರಮೈಯಲ್ಲಿ ಚಪ್ಪಟೆ ಜೀವಕೋಶಗಳ ಹಲವು ಪದರಗಳಿರುತ್ತವೆ. ಒಳದಾರಿಯಲ್ಲಿ ಲೋಳೆ ಸ್ರವಿಸುವ, ಉದ್ದನೆಯ ಜೀವಕೋಶಗಳ ಒಂದೇ ಒಂದು ಪದರವಿರುತ್ತದೆ. ಹುಡುಗಿ ಮೈನೆರೆಯುವ ಕಾಲಕ್ಕೆ ಹಾರ್ಮೋನುಗಳ ಪ್ರಭಾವದಿಂದ ಒಳಗಿನ ಈ ನಾಜೂಕು ಪದರ ಸ್ವಲ್ಪ ಹೊರಗೆ ಚಾಚಿಕೊಳ್ಳುತ್ತದೆ. ಅಲ್ಲಿನ ಆಮ್ಲೀಯ ವಾತಾವರಣಕ್ಕೆ ಒಡ್ಡಿಕೊಂಡು ನಿಧಾನವಾಗಿ ಚಪ್ಪಟೆ ಜೀವಕೋಶಗಳಾಗಿ ಮಾರ್ಪಡುತ್ತದೆ. ಹೀಗೆ ಮಾರ್ಪಾಡು ನಡೆಯುವ ಪಟ್ಟಿಯನ್ನು ಪರಿವರ್ತನಾ ವಲಯ ಎನ್ನುತ್ತಾರೆ. ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಬೆರಳತುದಿಯಷ್ಟು ಅಗಲದ ಈ ಜಾಗದಲ್ಲಿ. ತಪಾಸಣೆ ಸುಲಭವಾಗಿರುವುದಕ್ಕೂ ಅದೇ ಕಾರಣ. ಶ್ವಾಸಕೋಶವನ್ನೋ ಮೇದೋಜೀರಕ ಗ್ರಂಥಿಯನ್ನೋ ಹೊರಗಿನಿಂದ ಕಣ್ಣಾರೆ ನೋಡಲು ಬರುವುದಿಲ್ಲ. ಗರ್ಭಕೊರಳನ್ನು ಒಂದು ದೀಪದ ಬೆಳಕಿನಲ್ಲಿ ನೇರವಾಗಿ ನೋಡಬಹುದು, ಮುಟ್ಟಬಹುದು.

ಕಾರಣ ಒಂದು ವೈರಸ್. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಕೈಕಾಲಿನ ಮೇಲೆ ನರುಳ್ಳೆ ಎಬ್ಬಿಸಿ ಸುಮ್ಮನಾಗುತ್ತವೆ. ಸುಮಾರು 14 ಬಗೆಗಳು ಮಾತ್ರ ಕ್ಯಾನ್ಸರಿಗೆ ದಾರಿ ಮಾಡಬಲ್ಲವು. ಅವುಗಳಲ್ಲೂ 16 ಮತ್ತು 18 ಎಂಬ ಸಂಖ್ಯೆಯ ಎರಡೇ ಬಗೆಗಳು ಹೆಚ್ಚುಕಡಿಮೆ ನೂರಕ್ಕೆ 70 ಗರ್ಭಕೊರಳಿನ ಕ್ಯಾನ್ಸರುಗಳಿಗೆ ಹೊಣೆ. ಇದನ್ನು ಪತ್ತೆ ಮಾಡಿದವರು ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಮತ್ತು ಅವರ ಸಂಗಡಿಗರು. 1983ರಲ್ಲಿ 16ನೇ ಬಗೆಯನ್ನೂ ಮರುವರ್ಷ 18ನೇ ಬಗೆಯನ್ನೂ ಗರ್ಭಕೊರಳಿನ ಗೆಡ್ಡೆಗಳಲ್ಲಿ ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು.

18ನೇ ಬಗೆಯ ವೈರಸ್ ಸಿಕ್ಕಿದ ಜೀವಕೋಶಗಳಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಕಪ್ಪು ಮಹಿಳೆಯವೂ ಸೇರಿದ್ದವು. ಆಕೆ ಐದು ಮಕ್ಕಳ ತಾಯಿ, 1951ರಲ್ಲಿ 31ನೇ ವಯಸ್ಸಿಗೆ ಇದೇ ಕ್ಯಾನ್ಸರಿನಿಂದ ತೀರಿಕೊಂಡರು. ಆಕೆಯ ಗೆಡ್ಡೆಯಿಂದ ಆಕೆಗೆ ತಿಳಿಸದೆ ತೆಗೆದುಕೊಂಡ ಜೀವಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಆಕೆಯನ್ನು ಕೊಂದ ಕಾಯಿಲೆಯ ಕಾರಣ ತಿಳಿಯಲು ಆಕೆಯ ಜೀವಕೋಶಗಳೂ ನೆರವಾದವು. ಈ ಮಾತನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಎಚ್‌ಪಿವಿ ಹರಡುವುದು ಲೈಂಗಿಕ ಸಂಪರ್ಕದಿಂದ, ಚರ್ಮಕ್ಕೆ ಚರ್ಮ ತಾಗುವುದರಿಂದ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಇದು ಎಷ್ಟು ಸಾಮಾನ್ಯವೆಂದರೆ, ಲೈಂಗಿಕ ಜೀವನ ನಡೆಸಿದ ಗಂಡಸರು ಹೆಂಗಸರು ಬಹುತೇಕ ಎಲ್ಲರೂ ಬದುಕಿನಲ್ಲಿ ಒಮ್ಮೆಯಾದರೂ ಇದರ ಯಾವುದೋ ಒಂದು ಬಗೆಗೆ ಒಳಗಾಗಿರುತ್ತಾರೆ. ಜ್ವರ ಬರುವುದಿಲ್ಲ, ತುರಿಕೆ ಇಲ್ಲ, ನೋವಿಲ್ಲ. ನೂರಕ್ಕೆ ತೊಂಬತ್ತರಷ್ಟು ಸೋಂಕುಗಳನ್ನು ದೇಹವೇ ಒಂದೆರಡು ವರ್ಷಗಳಲ್ಲಿ ಹೊರಹಾಕುತ್ತದೆ.

ತೊಡಕು ಶುರುವಾಗುವುದು ವೈರಸ್ ಹೋಗದೆ ಬೇರೂರಿದಾಗ. ಪ್ರತಿ ಜೀವಕೋಶದಲ್ಲೂ ಅಡ್ಡಾದಿಡ್ಡಿ ಬೆಳೆಯದಂತೆ ತಡೆಯುವ ಕೆಲವು ಪ್ರೋಟೀನುಗಳಿರುತ್ತವೆ. ಜೀವಕೋಶದ ಒಳಗೆ ಪೆಟ್ಟು ಬಿದ್ದರೆ ಅವು ವಿಭಜನೆಯನ್ನು ನಿಲ್ಲಿಸುತ್ತವೆ, ಸರಿಪಡಿಸಲಾಗದಿದ್ದರೆ ಜೀವಕೋಶ ಸಾಯುವಂತೆ ಮಾಡುತ್ತವೆ. ಅಪಾಯಕಾರಿ ಎಚ್‌ಪಿವಿ ತಯಾರಿಸುವ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳು ಈ ಕಾವಲನ್ನೇ ಹಾಳುಮಾಡುತ್ತವೆ. ತಪ್ಪುಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಮೊದಲು ಕೆಳಪದರದ ಜೀವಕೋಶಗಳು ರೂಪಗೆಡುತ್ತವೆ, ಆಮೇಲೆ ಪದರದ ಮೂರರಲ್ಲಿ ಎರಡು ಪಾಲು, ಆಮೇಲೆ ಇಡೀ ದಪ್ಪ. ಅಲ್ಲಿಯವರೆಗೂ ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಪೂರ್ವ ಬದಲಾವಣೆ ಮಾತ್ರ. ಪದರದ ತಳವನ್ನು ಒಡೆದು ಒಳಗಿನ ಅಂಗಾಂಶಕ್ಕೆ ನುಗ್ಗಿದಾಗ ಕ್ಯಾನ್ಸರ್ ಎಂಬ ಹೆಸರು ಬರುತ್ತದೆ. ಧೂಮಪಾನ ಈ ದಾರಿಯನ್ನು ಸುಗಮ ಮಾಡುತ್ತದೆ. ಎಚ್‌ಐವಿ ಇರುವ ಮಹಿಳೆಯರಲ್ಲಿ ಈ ಕ್ಯಾನ್ಸರಿನ ಸಾಧ್ಯತೆ ಆರು ಪಟ್ಟು, ಅವರಿಗೆ ಎಚ್‌ಐವಿಯ ಚಿಕಿತ್ಸೆ ಸಿಗದಿದ್ದರೆ ಮೇಲೆ ಹೇಳಿದ 15–20 ವರ್ಷ ಐದು-ಹತ್ತಕ್ಕೆ ಇಳಿಯುತ್ತದೆ.

ಪೂರ್ವ ಬದಲಾವಣೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇದೆ, ಆದರೆ ಅದು ಸಿಕ್ಕಿದ ಬಗೆ ನಾಚಿಕೆಗೇಡಿನದು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯ ವೈದ್ಯ ಹರ್ಬರ್ಟ್ ಗ್ರೀನ್, ಈ ಬದಲಾವಣೆ ಕ್ಯಾನ್ಸರಾಗಿ ಬೆಳೆಯುತ್ತದೆ ಎಂಬುದನ್ನು ನಂಬಿರಲಿಲ್ಲ. ತಮ್ಮ ನಂಬಿಕೆಯನ್ನು ಸಾಬೀತುಪಡಿಸಲು 1966ರಿಂದ ಅನೇಕ ಮಹಿಳೆಯರಿಗೆ ಪೂರ್ಣ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತ ಹೋದರು. ತಾವು ಪ್ರಯೋಗಕ್ಕೆ ಒಳಗಾಗಿದ್ದೇವೆ ಎಂಬುದು ಆ ಮಹಿಳೆಯರಿಗೆ ಗೊತ್ತಿರಲಿಲ್ಲ. 1987ರಲ್ಲಿ ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಎಂಬ ಇಬ್ಬರು ಬರಹಗಾರ್ತಿಯರು ಇದನ್ನು ಬಯಲಿಗೆಳೆದರು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ವಿಚಾರಣಾ ವರದಿ ಮರುವರ್ಷ ಬಂತು. 2008ರಲ್ಲಿ ಆ ಮಹಿಳೆಯರ ದಾಖಲೆಗಳನ್ನು ಮತ್ತೆ ತೆಗೆದು ಲೆಕ್ಕ ಹಾಕಿದಾಗ ಕಂಡದ್ದು ಇಷ್ಟು: ತೀವ್ರ ಮಟ್ಟದ ಬದಲಾವಣೆ ಇದ್ದೂ ಸರಿಯಾದ ಚಿಕಿತ್ಸೆ ಸಿಗದವರಲ್ಲಿ 30 ವರ್ಷಗಳೊಳಗೆ ನೂರಕ್ಕೆ ಸುಮಾರು 31 ಮಂದಿಗೆ ಕ್ಯಾನ್ಸರ್ ಬಂದಿತ್ತು. ಸರಿಯಾಗಿ ಚಿಕಿತ್ಸೆ ಸಿಕ್ಕವರಲ್ಲಿ ಆ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ, 0.7. ತಪಾಸಣೆ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಈ ಎರಡು ಅಂಕಿಗಳೇ.

ತಪಾಸಣೆಯ ಇತಿಹಾಸ ಹಳೆಯದು. ಗ್ರೀಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವೈದ್ಯ ಜಾರ್ಜ್ ಪಾಪನಿಕೊಲಾವ್, ಯೋನಿಯ ಸ್ರಾವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರಿನ ಜೀವಕೋಶ ಕಾಣುತ್ತದೆ ಎಂದು 1928ರಲ್ಲೇ ಹೇಳಿದ್ದರು. ಆಗ ಯಾರೂ ಹೆಚ್ಚು ಕಿವಿಗೊಡಲಿಲ್ಲ. 1940ರ ದಶಕದಲ್ಲಿ ಅದು ಒಪ್ಪಿತವಾಯಿತು, ಅವರ ಹೆಸರಿನ ಮೊದಲ ಅಕ್ಷರಗಳಿಂದಲೇ ಪ್ಯಾಪ್ ಪರೀಕ್ಷೆ ಎನಿಸಿಕೊಂಡಿತು. ಪರೀಕ್ಷೆ ನಿಯಮಿತವಾಗಿ ನಡೆದ ದೇಶಗಳಲ್ಲಿ ಈ ಕ್ಯಾನ್ಸರಿನ ಸಾವುಗಳು ಗಣನೀಯವಾಗಿ ಇಳಿದವು. ಅದಕ್ಕೆ ಒಳ್ಳೆಯ ಪ್ರಯೋಗಾಲಯ, ಪಳಗಿದ ಕಣ್ಣು, ಪದೇ ಪದೇ ಬರುವ ವ್ಯವಸ್ಥೆ ಬೇಕು. ಅವಿಲ್ಲದ ಕಡೆಗಳಿಗೆ ಬಂದದ್ದು ಅಸಿಟಿಕ್ ಆಮ್ಲದ ಪರೀಕ್ಷೆ: ಶೇ 3ರಿಂದ 5ರಷ್ಟು ತೆಳುವಾದ ಆಮ್ಲವನ್ನು ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ರೂಪಗೆಟ್ಟ ಜೀವಕೋಶಗಳಿರುವ ಜಾಗ ಅಂಚು ಸ್ಪಷ್ಟವಾಗಿ ಕಾಣುವಂತೆ ಬಿಳಿಚಿಕೊಳ್ಳುತ್ತದೆ. ಅಗ್ಗ, ಅಲ್ಲೇ ಫಲಿತಾಂಶ. ಆದರೆ ನೋಡುವವರ ಅನುಭವದ ಮೇಲೆ ಎಲ್ಲವೂ ನಿಂತಿದೆ. ಮುಟ್ಟು ನಿಂತವರಲ್ಲಿ ಪರಿವರ್ತನಾ ವಲಯ ಒಳಗೆ ಸರಿದುಹೋಗುವುದರಿಂದ ಅವರಿಗೆ ಈ ಪರೀಕ್ಷೆ ಅಷ್ಟಾಗಿ ಹೊಂದುವುದಿಲ್ಲ.

ಈಗ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳುವುದು ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನು. ಇದು ಜೀವಕೋಶ ಕೆಟ್ಟಿದೆಯೇ ಎಂದು ನೋಡುವುದಿಲ್ಲ, ಕೆಡಿಸುವ ವೈರಸ್ ಇದೆಯೇ ಎಂದು ನೋಡುತ್ತದೆ. 30ನೇ ವಯಸ್ಸಿನಿಂದ ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕು. ಎಚ್‌ಐವಿ ಇರುವವರು 25ರಿಂದ ಶುರುಮಾಡಿ ಮೂರರಿಂದ ಐದು ವರ್ಷಕ್ಕೊಮ್ಮೆ ಮಾಡಿಸಬೇಕು. 50 ದಾಟಿದ ಮೇಲೆ, ಸತತ ಎರಡು ಪರೀಕ್ಷೆಗಳಲ್ಲಿ ಏನೂ ಇಲ್ಲವೆಂದು ಬಂದಿದ್ದರೆ ನಿಲ್ಲಿಸಬಹುದು. ಕೆಲವು ದೇಶಗಳ ನಿಯಮದಲ್ಲಿ ವಯಸ್ಸು, ಅಂತರ ತುಸು ಬೇರೆ ಇರುತ್ತದೆ. 30ಕ್ಕಿಂತ ಮೊದಲು ಯಾಕೆ ಬೇಡವೆಂದರೆ, ಆ ವಯಸ್ಸಿನಲ್ಲಿ ಸಿಗುವ ಸೋಂಕುಗಳಲ್ಲಿ ಬಹುಪಾಲು ತಾವಾಗಿ ಹೋಗುವಂಥವು. ಸುಮ್ಮನೆ ಹೆದರಿಸಿ, ಬೇಡದ ಚಿಕಿತ್ಸೆಗೆ ದೂಡಿದಂತಾಗುತ್ತದೆ.

ಒಳಪರೀಕ್ಷೆ ಎಂದರೆ ಏನು ನಡೆಯುತ್ತದೆ ಎಂದು ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ, ಹೆದರಿಕೆ ಹುಟ್ಟುವುದು ಅಲ್ಲೇ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು, ಮೊದಲು ಮೂತ್ರ ಮಾಡಿ ಬರಬೇಕು. ಮಂಚದ ಮೇಲೆ ಅಂಗಾತ ಮಲಗಿ ಮಂಡಿ ಮಡಿಸಿ ಕಾಲು ಅಗಲಿಸಬೇಕು, ಮೇಲೊಂದು ಬಟ್ಟೆ ಹೊದಿಸಿರುತ್ತಾರೆ. ಸ್ಪೆಕ್ಯುಲಮ್ ಎಂಬ ಉಪಕರಣವನ್ನು ನಿಧಾನಕ್ಕೆ ಒಳಗಿಟ್ಟು ತೆರೆಯುತ್ತಾರೆ. ಒತ್ತಿದಂತೆ ಅನ್ನಿಸುತ್ತದೆ, ಮೈ ಬಿಗಿಹಿಡಿದಷ್ಟೂ ಒತ್ತಡ ಹೆಚ್ಚು, ಉಸಿರು ಸಡಿಲ ಬಿಟ್ಟಷ್ಟೂ ಕಡಿಮೆ. ಗರ್ಭಕೊರಳು ಕಂಡ ಮೇಲೆ ಒಂದು ಮೃದುವಾದ ಬ್ರಷ್‌ನಿಂದ ಸವರಿ ಜೀವಕೋಶಗಳನ್ನು ತೆಗೆಯುತ್ತಾರೆ. ಒಟ್ಟು ಕೆಲವು ನಿಮಿಷ. ಆಮೇಲೆ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಮಹಿಳಾ ವೈದ್ಯರೇ ಬೇಕು ಎಂದು ಕೇಳುವುದು, ಜೊತೆಗೆ ಯಾರಾದರೂ ಇರಲಿ ಎನ್ನುವುದು, ನೋವಾದರೆ ‘ನಿಲ್ಲಿಸಿ’ ಎನ್ನುವುದು, ಇವೆಲ್ಲ ಪರೀಕ್ಷೆಗೆ ಬಂದವಳ ಹಕ್ಕು. ಗದರಿಸಿ ಕಾಲು ಅಗಲಿಸುವ ಕಡೆಗೆ ಎರಡನೇ ಬಾರಿ ಯಾವ ಹೆಂಗಸೂ ಹೋಗುವುದಿಲ್ಲ, ವೈದ್ಯರು ಮತ್ತು ನರ್ಸುಗಳು ಇದನ್ನು ಅರಿಯಬೇಕು. ಎಚ್‌ಪಿವಿ ಪರೀಕ್ಷೆಯಲ್ಲಿ ಇನ್ನೊಂದು ಅನುಕೂಲವಿದೆ. ಪುಟ್ಟ ಬ್ರಷ್ ಅಥವಾ ಹತ್ತಿಯ ಕಡ್ಡಿಯನ್ನು ಯೋನಿಯೊಳಗೆ ತಿರುಗಿಸಿ ತಾನೇ ಮಾದರಿ ತೆಗೆದುಕೊಡಬಹುದು. ಸರಿಯಾಗಿ ಮಾಡಿದರೆ ಫಲಿತಾಂಶ ವೈದ್ಯರು ತೆಗೆದಷ್ಟೇ ನಂಬಲರ್ಹ. ಸಂಕೋಚದಿಂದ ದೂರ ಉಳಿದ ಲಕ್ಷಾಂತರ ಮಹಿಳೆಯರನ್ನು ಮುಟ್ಟಬಲ್ಲ ದಾರಿ ಇದೇ ಎಂಬುದು ನನ್ನ ಗಟ್ಟಿ ನಂಬಿಕೆ.

ವರದಿಯಲ್ಲಿ ‘ಪಾಸಿಟಿವ್’ ಎಂದು ಬಂದ ದಿನ ಮನೆಯಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಕ್ಯಾನ್ಸರ್ ಬಂದೇಬಿಟ್ಟಿತೆಂದು ಅಳುವುದು. ಎಚ್‌ಪಿವಿ ಪಾಸಿಟಿವ್ ಎಂದರೆ ವೈರಸ್ ಇದೆ, ಇನ್ನಷ್ಟು ಹತ್ತಿರದಿಂದ ನೋಡಬೇಕು ಎಂದಷ್ಟೇ ಅರ್ಥ. 16 ಅಥವಾ 18ನೇ ಬಗೆಯಾದರೆ ಸಾಮಾನ್ಯವಾಗಿ ಕಾಲ್ಪೊಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ, ಅನುಮಾನವಿದ್ದ ಕಡೆಯಿಂದ ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬದಲಾವಣೆ ಕಾಣದಿದ್ದರೆ ಒಂದೆರಡು ವರ್ಷ ಬಿಟ್ಟು ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. ಚಿಕಿತ್ಸೆ ಬೇಕಾದರೂ ಅದು ಬಹುತೇಕ ಸರಳ: ಕೆಟ್ಟ ಪದರವನ್ನು ಶಾಖದಿಂದ ಸುಡುವುದು, ಶೈತ್ಯದಿಂದ ಹೆಪ್ಪುಗಟ್ಟಿಸುವುದು, ಇಲ್ಲವೇ ವಿದ್ಯುತ್ ಹರಿಯುವ ಸಣ್ಣ ತಂತಿಯ ಬಳೆಯಿಂದ ಹೆರೆದು ತೆಗೆಯುವುದು. ಅಂದೇ ಮನೆಗೆ ಹೋಗಬಹುದು. ಕೆಲವು ವಾರ ನೀರಿನಂಥ ಸ್ರಾವವಾಗುತ್ತದೆ, ಒಂದು ತಿಂಗಳು ಲೈಂಗಿಕ ಸಂಪರ್ಕ ಬೇಡ, ಒಂದು ವರ್ಷದ ಮೇಲೆ ಮತ್ತೆ ಪರೀಕ್ಷೆ. ಗರ್ಭಕೋಶ ತನ್ನ ಜಾಗದಲ್ಲೇ ಇರುತ್ತದೆ, ಮಕ್ಕಳಾಗುತ್ತವೆ. ಹೆರೆದು ತೆಗೆದವರಿಗೆ ಮುಂದೆ ಅವಧಿಗೆ ಮುನ್ನ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು, ಬಸಿರಾದಾಗ ವೈದ್ಯರಿಗೆ ಇದನ್ನು ಹೇಳಬೇಕು.

ಎರಡನೆಯ ತಪ್ಪು ಇನ್ನೂ ಕ್ರೂರ. ‘ಇದು ಎಲ್ಲಿಂದ ಬಂತು?’ ಎಂಬ ಪ್ರಶ್ನೆ. ವೈರಸ್ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಇದ್ದು ಈಗ ಪತ್ತೆಯಾಗಬಹುದು. ಬದುಕಿನಲ್ಲಿ ಒಬ್ಬನೇ ಸಂಗಾತಿ ಇದ್ದವಳಿಗೂ ಬರಬಹುದು, ಅವನಿಗೆ ಅದು ಮದುವೆಗೆ ಮುಂಚೆಯೇ ಬಂದಿರಬಹುದು, ಅವನಿಗೆ ಗೊತ್ತೇ ಇರಲಿಕ್ಕಿಲ್ಲ. ಯಾರಿಂದ, ಯಾವಾಗ ಎಂದು ಹೇಳುವ ಪರೀಕ್ಷೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಈ ವರದಿಯಿಂದ ಯಾರ ನಡತೆಯನ್ನೂ ಅಳೆಯಲಾಗದು. ಗಂಡಂದಿರು, ಅತ್ತೆ-ಮಾವಂದಿರು ಈ ಒಂದು ಸಾಲನ್ನು ತಿಳಿದಿದ್ದರೆ ಎಷ್ಟೋ ಮಹಿಳೆಯರು ವರದಿಯನ್ನು ಬಚ್ಚಿಟ್ಟು ಚಿಕಿತ್ಸೆ ತಪ್ಪಿಸಿಕೊಳ್ಳುವುದು ನಿಲ್ಲುತ್ತದೆ.

ಲಸಿಕೆ ಇನ್ನೂ ಹಿಂದಿನ ಹಂತದಲ್ಲೇ ಕಾಯಿಲೆಯನ್ನು ತಡೆಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ 1990ರ ದಶಕದ ಆರಂಭದಲ್ಲಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮಾತ್ರ ತಯಾರಿಸಿದರು. ಅದು ತಾನಾಗಿ ಸೇರಿಕೊಂಡು ಕಾಳಿಲ್ಲದ ಜೊಳ್ಳಿನಂತೆ ಆಗುತ್ತದೆ: ನೋಡಲು ವೈರಸ್, ಒಳಗೆ ಡಿಎನ್‌ಎ ಇಲ್ಲ, ಸೋಂಕು ಉಂಟುಮಾಡಲು ಬರುವುದಿಲ್ಲ. ದೇಹ ಅದನ್ನು ನೋಡಿ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಮೊದಲ ಲಸಿಕೆಗೆ ಪರವಾನಗಿ ಸಿಕ್ಕಿದ್ದು 2006ರಲ್ಲಿ. ಅದನ್ನು ನೋಡಲು ಝೌ ಇರಲಿಲ್ಲ, 1999ರಲ್ಲೇ ತೀರಿಕೊಂಡಿದ್ದರು.

ಲಸಿಕೆ ಹಾಕಿಸಲು ಸರಿಯಾದ ಹೊತ್ತು 9ರಿಂದ 14 ವರ್ಷ. ಇಷ್ಟು ಚಿಕ್ಕ ಹುಡುಗಿಗೆ ಯಾಕೆ ಎಂದು ತಾಯಂದಿರು ಕೇಳುತ್ತಾರೆ. ಲಸಿಕೆ ಈಗಾಗಲೇ ಬಂದ ಸೋಂಕನ್ನು ಓಡಿಸುವುದಿಲ್ಲ, ಬರುವ ಮುಂಚೆ ತಡೆಯುತ್ತದೆ. ಜೊತೆಗೆ ಆ ವಯಸ್ಸಿನಲ್ಲಿ ದೇಹ ಕಟ್ಟುವ ರಕ್ಷಣೆ ಹೆಚ್ಚು ಗಟ್ಟಿ. ಮೊದಲು ಮೂರು ಡೋಸ್ ಕೊಡುತ್ತಿದ್ದರು. 2022ರ ಡಿಸೆಂಬರಿನಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 20 ವರ್ಷದವರೆಗೆ ಒಂದು ಅಥವಾ ಎರಡು ಡೋಸ್ ಸಾಕು, 21 ದಾಟಿದವರಿಗೆ ಎರಡು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಚುಚ್ಚಿದ ಜಾಗ ನೋಯುತ್ತದೆ, ಕೆಲವು ಹುಡುಗಿಯರಿಗೆ ತಲೆ ತಿರುಗುತ್ತದೆ, ಅದಕ್ಕೇ ಹದಿನೈದು ನಿಮಿಷ ಕೂರಿಸುತ್ತಾರೆ. ಬಂಜೆತನ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಜಗತ್ತಿನಲ್ಲಿ ಕೋಟಿಗಟ್ಟಲೆ ಡೋಸ್ ಕೊಟ್ಟ ಮೇಲೂ ಅಂಥ ನಂಟು ಕಂಡಿಲ್ಲ.

ಫಲಿತಾಂಶ? ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಲಸಿಕೆ ಸಿಕ್ಕ ತಲೆಮಾರಿನಲ್ಲಿ ಈ ಕ್ಯಾನ್ಸರ್ ಶೇ 87ರಷ್ಟು ಇಳಿದಿದೆ ಎಂದು 2021ರ ಅಧ್ಯಯನ ತೋರಿಸಿತು. ಸ್ಕಾಟ್ಲೆಂಡಿನಲ್ಲಿ ಅದೇ ವಯಸ್ಸಿಗೆ ಲಸಿಕೆ ಪಡೆದವರಲ್ಲಿ ಒಂದೇ ಒಂದು ಪ್ರಕರಣವೂ ಕಂಡಿಲ್ಲ ಎಂದು 2024ರಲ್ಲಿ ವರದಿಯಾಯಿತು. 2030ರ ಹೊತ್ತಿಗೆ ನೂರಕ್ಕೆ 90 ಹುಡುಗಿಯರಿಗೆ 15 ತುಂಬುವ ಮುನ್ನ ಲಸಿಕೆ, 70 ಮಹಿಳೆಯರಿಗೆ 35ರೊಳಗೆ ಒಮ್ಮೆ ಮತ್ತು 45ರೊಳಗೆ ಮತ್ತೊಮ್ಮೆ ತಪಾಸಣೆ, ಕಾಯಿಲೆ ಕಂಡ 90 ಮಂದಿಗೆ ಚಿಕಿತ್ಸೆ ಎಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟುಕೊಂಡಿದೆ. ಲಸಿಕೆ ಹಾಕಿಸಿಕೊಂಡವರೂ ತಪಾಸಣೆ ಬಿಡುವಂತಿಲ್ಲ, ಅದು ಎಲ್ಲ ಅಪಾಯಕಾರಿ ಬಗೆಗಳನ್ನೂ ತಡೆಯುವುದಿಲ್ಲ.

ಬಿಳಿ ಸೆರಗಿನ ಬಗ್ಗೆ ಒಂದು ಮಾತು. ಬಿಳುಪಾದ, ವಾಸನೆಯಿಲ್ಲದ ಸ್ರಾವ ಹೆಚ್ಚಿನ ಮಹಿಳೆಯರಿಗೆ ಸಹಜ, ತಿಂಗಳ ನಡುವೆ ಹೆಚ್ಚುವುದೂ ಸಹಜ. ತುರಿಕೆ, ಉರಿ, ವಾಸನೆ ಇದ್ದರೆ ಅದು ಹೆಚ್ಚಾಗಿ ಔಷಧಕ್ಕೆ ಬಗ್ಗುವ ಸೋಂಕು. ‘ಮುಂದೆ ಕ್ಯಾನ್ಸರ್ ಆದೀತು, ಗರ್ಭಕೋಶವನ್ನೇ ತೆಗೆಸಿಬಿಡಿ’ ಎಂಬ ಸಲಹೆ ಬಿಳಿ ಸೆರಗಿನ ಕಾರಣಕ್ಕೆ ಬಂದರೆ ಒಪ್ಪಬೇಡಿ, ಇನ್ನೊಬ್ಬ ವೈದ್ಯರನ್ನು ಕೇಳಿ. ಅದು ದೊಡ್ಡ ಶಸ್ತ್ರಚಿಕಿತ್ಸೆ, ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ತೆಗೆದರೆ ಮೂಳೆ, ಹೃದಯಗಳ ಮೇಲೂ ಪೆಟ್ಟು ಬೀಳುತ್ತದೆ.

ಕೆಲವು ಸೂಚನೆಗಳು ಕಂಡರೆ ಮಾತ್ರ ಮುಂದಿನ ತಪಾಸಣೆಯ ವರ್ಷಕ್ಕೆ ಕಾಯುವಂತಿಲ್ಲ. ಸಂಭೋಗದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ರಕ್ತ ಬೆರೆತ ದುರ್ವಾಸನೆಯ ಸ್ರಾವ, ಬಿಡದ ಸೊಂಟನೋವು, ಒಂದೇ ಕಾಲಿನ ಊತ. ಎಲ್ಲಕ್ಕಿಂತ ಮುಖ್ಯವಾಗಿ, ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಕಂಡ ಒಂದು ಕಲೆ ರಕ್ತವೂ. ವಯಸ್ಸಾದ ತಾಯಂದಿರು ಇದನ್ನು ಮಕ್ಕಳಿಗೆ ಹೇಳುವುದಿಲ್ಲ, ‘ಮತ್ತೆ ಮುಟ್ಟಾದೆನೇನೋ’ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ನಾವೇ ಕೇಳಬೇಕು. ಹಾಗೆ ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ, ಆದರೆ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸುಳಿವೂ ಆಗಿರಬಹುದು. ಇದನ್ನು ಪ್ಯಾಪ್ ಪರೀಕ್ಷೆಯಾಗಲಿ ಎಚ್‌ಪಿವಿ ಪರೀಕ್ಷೆಯಾಗಲಿ ಹಿಡಿಯುತ್ತದೆಂದು ನಂಬುವಂತಿಲ್ಲ, ಸ್ಕ್ಯಾನಿಂಗ್ ಮತ್ತು ಒಳಪದರದ ಬಯಾಪ್ಸಿ ಬೇಕಾಗುತ್ತದೆ.

ತಪಾಸಣೆಗೆ ಹೋದಾಗ ಮೂರು ವಿಷಯ ಕೇಳಿಕೊಂಡು ಬನ್ನಿ: ಮಾಡಿದ್ದು ಯಾವ ಪರೀಕ್ಷೆ, ಫಲಿತಾಂಶ ಯಾವ ದಿನ ಮತ್ತು ಯಾರ ಕೈಗೆ ಬರುತ್ತದೆ, ಮುಂದಿನ ಪರೀಕ್ಷೆ ಯಾವ ವರ್ಷ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ‘ಏನೂ ಸುದ್ದಿ ಬಂದಿಲ್ಲ, ಹಾಗಾದರೆ ಎಲ್ಲ ಸರಿಯಿರಬೇಕು’ ಎಂದುಕೊಳ್ಳಬೇಡಿ. ಮಾದರಿ ಕೊಟ್ಟು ಬಂದು ವರದಿ ತರದೆ ಉಳಿದರೆ ತಪಾಸಣೆ ಅರ್ಧಕ್ಕೇ ನಿಂತಂತೆ.